ಕರುಳ ಕುಡಿ

ಕುಪ್ಪಿಯ ಮುಚ್ಚಳ ತಿರುಗಿಸುವ ಮೊದಲು ಅದನ್ನೊಮ್ಮೆ ಕಿಟಕಿಯ ಬೆಳಕಿಗೆ ಹಿಡಿಯುವುದು ನನ್ನ ಅಭ್ಯಾಸ. ಒಳಗೆ ಕೊರೆಯುವಷ್ಟು ತಣ್ಣಗಿನ, ಪುನರ್ಪುಳಿ ಶರಬತ್ತಿಗೆ ನೀರು ಹೆಚ್ಚಾದಂಥ ತಿಳಿಗೆಂಪು ದ್ರವ. ತಳದಲ್ಲಿ ಅರ್ಧ ಕುಚ್ಚಲಕ್ಕಿ ಕಾಳಿನಷ್ಟಿರುವ ಮೂರೋ ನಾಲ್ಕೋ ತುಣುಕುಗಳು. ಎಂಡೋಸ್ಕೋಪಿ ಕೊಳವೆಯೊಳಗಿಂದ ಇಳಿದ ಪುಟ್ಟ ಚಿಮ್ಮಟ ಯಾರದೋ ಸಣ್ಣಕರುಳಿನ ಒಳಗೋಡೆಯಿಂದ ಅರ್ಧ ಗಂಟೆಯ ಹಿಂದೆ ಚಿವುಟಿ ತೆಗೆದವು. ಕುಪ್ಪಿಯನ್ನು ಓರೆ ಮಾಡಿದರೆ ಅವು ಉರುಳುವುದಿಲ್ಲ. ಒದ್ದೆ ಹೂವಿನ ಎಸಳಿನ ಹಾಗೆ ಗಾಜಿಗೆ ಅಂಟಿಕೊಂಡು ಜಾರುತ್ತವೆ. ಬಣ್ಣ ಚಕ್ಕೋತದ ತೊಳೆಯದ್ದು. ಒಂದು ಬದಿಯಲ್ಲಿ ಪಿತ್ತದ ತೆಳು ಹಳದಿ, ಇನ್ನೊಂದು ಅಂಚಿನಲ್ಲಿ ಕೂದಲೆಳೆಯಂಥ ರಕ್ತದ ಗೆರೆ. ನಾನು ಹುಡುಕುವುದು ಹೊಳಪನ್ನು. ಒಳ್ಳೆಯ ತುಣುಕಿಗೆ ಒದ್ದೆ ರೇಷ್ಮೆಯ ಹೊಳಪಿರುತ್ತದೆ. ಕಾದು ಕಾದು ಸೋತ ತುಣುಕು ನೆನೆದ ಕಾಗದದಂತೆ ಮಬ್ಬಾಗಿ, ಅಂಚು ಜೂಲಾಗಿರುತ್ತದೆ. ದ್ರವದ ಕೆಂಪು ಹಳದಿಗೆ ತಿರುಗಿದ್ದರೆ ಒಳಗೆ ಹುಳಿಯೇರಿದೆ ಎಂದು ಮುಚ್ಚಳ ತೆರೆಯದೆಯೇ ತಿಳಿಯುತ್ತದೆ.

ಈ ನೋಟವನ್ನು ನನಗೆ ಯಾರೂ ಪ್ರಯೋಗಶಾಲೆಯಲ್ಲಿ ಕಲಿಸಿದ್ದಲ್ಲ. ಕಾಪುವಿನಿಂದ ಒಳಕ್ಕೆ, ಶಂಕರಪುರದಲ್ಲಿ ನನ್ನ ದೊಡ್ಡಮ್ಮನ ಮನೆ. ಅಲ್ಲಿ ಮಲ್ಲಿಗೆ ಗಿಡಗಳ ನಡುವೆ ಬೆಳಗಿನ ಕತ್ತಲಲ್ಲೇ ನಮ್ಮ ರಜೆ ಶುರುವಾಗುತ್ತಿತ್ತು. ಬಿಸಿಲೇರುವ ಮುಂಚೆ ಮೊಗ್ಗು ಕೊಯ್ದಾಗಬೇಕು. ಬಾಳೆನಾರಿನಲ್ಲಿ ಕಟ್ಟಬೇಕು, ಸುಮಾರು 800 ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ, ಬಾಳೆಲೆಯಲ್ಲಿ ಸುತ್ತಿ ಹೂ ಮಾರುವ ಕಟ್ಟೆಗೆ ಮುಟ್ಟಿಸಬೇಕು. ನಾನು ಕಂಡದ್ದನ್ನೆಲ್ಲ ಕೊಯ್ಯುತ್ತಿದ್ದೆ. ದೊಡ್ಡಮ್ಮ ಬುಟ್ಟಿಯಲ್ಲಿ ಕೈಯಾಡಿಸಿ ಅರ್ಧದಷ್ಟು ಬೇರೆ ತೆಗೆದಿಡುತ್ತಿದ್ದರು. "ಇದು ನಾಳೆದು. ಇದು ನಿನ್ನೆದು. ಇದು ಇವತ್ತಿಂದು." ನನಗೆ ಮೂರೂ ಒಂದೇ ತರಹ ಬೆಳ್ಳಗೆ ಕಾಣುತ್ತಿದ್ದವು. "ಮೊಗ್ಗು ನೋಡಿ ಕೊಯ್ಯುದಲ್ಲ ಮಗಾ, ಸಂಜೆ ನೋಡಿ ಕೊಯ್ಯುದು" ಎನ್ನುತ್ತಿದ್ದರು. ಸಂಜೆ ಯಾರದೋ ಮುಡಿಯಲ್ಲಿ ಅರಳಬೇಕಾದ್ದನ್ನು ಬೆಳಗ್ಗೆ ಮುಚ್ಚಿದ ಮೊಗ್ಗಿನಲ್ಲಿ ಕಾಣುವ ಕಣ್ಣು ಅದು. ಈಗ ಮಣಿಪಾಲದ ಗುಡ್ಡದ ಮೇಲೆ, ಸೂಕ್ಷ್ಮದರ್ಶಕದ ಎದುರು ಕುಳಿತು ನಾನು ಮಾಡುವ ಕೆಲಸವೂ ಹೆಚ್ಚುಕಮ್ಮಿ ಅದೇ. ಯಾವುದು ಅರಳುತ್ತದೆ ಎಂದು ಮುಂಚಿತವಾಗಿ ನೋಡುವುದು.

ಅರಳಬೇಕಾದ್ದು ಆರ್ಗನಾಯ್ಡ್. ಕರುಳಿನ ಒಂದು ಚೂರಿನಿಂದ, ಗಾಜಿನಂಥ ತಟ್ಟೆಯಲ್ಲಿ, ಕರುಳಿನದೇ ಒಳಪದರ ತನ್ನ ಆಕಾರವನ್ನು ತಾನೇ ಕಟ್ಟಿಕೊಂಡು ಬೆಳೆಯುವ ಪುಟಾಣಿ ರೂಪ.

ಇಲ್ಲಿ ಮೊದಲು ತುಣುಕು ಕೊಟ್ಟವರ ಮಾತು ಹೇಳಬೇಕು. ವೈದ್ಯರು ರೋಗಪತ್ತೆಗೆಂದು ಹೇಗೂ ತುಣುಕು ತೆಗೆಯುವಾಗ, ಒಂದೆರಡು ಹೆಚ್ಚಿಗೆ ತೆಗೆಯಬಹುದೇ ಎಂದು ರೋಗಿಯನ್ನು ಮೊದಲೇ ಕೇಳಿ, ಬರಹದಲ್ಲಿ ಒಪ್ಪಿಗೆ ಪಡೆಯುತ್ತೇವೆ. ನೈತಿಕ ಸಮಿತಿಯ ಅನುಮತಿ ಇಲ್ಲದೆ ಇದು ನಡೆಯುವುದಿಲ್ಲ. ಕಾರ್ಕಳದ ಕಡೆಯ ಒಬ್ಬ ಅಜ್ಜಿಯನ್ನು ನಾನೇ ಕೇಳಿದ್ದೆ. ಬೇಡವೆಂದರೆ ಬೇಡ, ನಿಮ್ಮ ಮದ್ದಿಗೆ ಏನೂ ತೊಂದರೆ ಇಲ್ಲ ಅಜ್ಜಿ, ಎಂದು ಎರಡು ಸಲ ಹೇಳಿದೆ. ಅವರು ಕಾಗದದ ಕಡೆ ನೋಡಲೇ ಇಲ್ಲ.

"ಅಲ್ಲಿ ಅದಕ್ಕೆ ಜೀವ ಇರ್ತದಾ?"

"ಇರ್ತದೆ ಅಜ್ಜಿ. ಬೆಳೀತದೆ ಕೂಡ."

"ನೋವಾಗ್ತದಾ ಅದಕ್ಕೆ?"

"ಇಲ್ಲ. ಅದಕ್ಕೆ ನರ ಇಲ್ಲ." ಚಿವುಟುವಾಗ ನಿಮಗೂ ಗೊತ್ತಾಗುವುದಿಲ್ಲ, ಕರುಳಿನ ಒಳಪದರಕ್ಕೆ ಚಿವುಟಿದ ನೋವು ತಿಳಿಯುವುದಿಲ್ಲ ಎಂದೂ ಹೇಳಿದೆ.

ಅಜ್ಜಿ ಸ್ವಲ್ಪ ಹೊತ್ತು ಯೋಚಿಸಿದರು. "ಹಾಗಾದ್ರೆ ತೆಗೀಲಿ. ಹಸಿವಾಗದ ಹಾಗೆ ನೋಡ್ಕೊ ಮಗಾ."

ಸಾಮಾನ್ಯವಾಗಿ ಬಯಾಪ್ಸಿ ತುಣುಕು ಹೋಗುವುದು ಫಾರ್ಮಲಿನ್ ಕುಪ್ಪಿಗೆ. ಫಾರ್ಮಲಿನ್ ಜೀವಕೋಶದ ಪ್ರೋಟೀನುಗಳನ್ನು ಒಂದಕ್ಕೊಂದು ಹೆಣೆದು, ಆ ಕ್ಷಣದ ರೂಪವನ್ನು ಹಾಗೆಯೇ ನಿಲ್ಲಿಸಿಬಿಡುತ್ತದೆ. ಆಮೇಲೆ ಮೇಣದಲ್ಲಿ ಕೂರಿಸಿ, ತೆಳ್ಳಗೆ ಸೀಳಿ, ನೇರಳೆ ಮತ್ತು ಗುಲಾಬಿ ಬಣ್ಣ ಹಚ್ಚಿ ನೋಡಬಹುದು. ಆ ಸೊಗಸೂ ಕಡಿಮೆಯದಲ್ಲ. ನನ್ನ ಮೊದಲ ವರ್ಷಗಳು ಅದರಲ್ಲೇ ಕಳೆದವು. ಆದರೆ ನಮಗೆ ಬೇಕಾದ ತುಣುಕಿಗೆ ಫಾರ್ಮಲಿನ್ನಿನ ಒಂದು ಹನಿ ಸೋಕಿದರೂ ಮುಗಿಯಿತು. ಒಮ್ಮೆ ಒಂದು ಕಡೆಯಿಂದ ಬಂದ ಕುಪ್ಪಿಯ ಮುಚ್ಚಳ ತೆರೆದ ಕೂಡಲೇ ಮೂಗಿಗೆ ಆ ಖಾರದ ವಾಸನೆ ಹೊಡೆಯಿತು. ಕೈಯ ರೂಢಿಯಲ್ಲಿ ಯಾರೋ ತಪ್ಪು ಕುಪ್ಪಿಗೆ ಹಾಕಿದ್ದರು. ತುಣುಕುಗಳು ನೋಡಲು ಅಚ್ಚುಕಟ್ಟಾಗಿದ್ದವು, ಗಟ್ಟಿಯಾಗಿ, ಮಾಸಲು ಬಿಳುಪಾಗಿ. ಕೊಟ್ಟವರು ಹಸಿದ ಹೊಟ್ಟೆಯಲ್ಲಿ ಬೆಳಗ್ಗೆಯಿಂದ ಕಾದು ಕೊಟ್ಟದ್ದು. ಅಂದಿನಿಂದ ನಮ್ಮ ಕುಪ್ಪಿಗಳ ಮುಚ್ಚಳಕ್ಕೆ ದೊಡ್ಡ ಹಸಿರು ಪಟ್ಟಿ ಅಂಟಿಸುತ್ತೇವೆ. ಮಂಜಿನ ಡಬ್ಬ ಹಿಡಿದು ಎಂಡೋಸ್ಕೋಪಿ ಕೋಣೆಯ ಹೊರಗೆ ನಾವೇ ನಿಲ್ಲುತ್ತೇವೆ. ತುಣುಕು ಮಂಜಿನ ನಡುವೆ ಇರಬೇಕು, ಮಂಜಾಗಬಾರದು. ಮಲ್ಪೆಯ ಮೀನಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ತಟ್ಟೆಯಲ್ಲಿ ತಣ್ಣನೆಯ ಉಪ್ಪುನೀರಿಗೆ ತುಣುಕನ್ನು ಬಿಟ್ಟು, ಕಡಿಮೆ ಶಕ್ತಿಯ ಸೂಕ್ಷ್ಮದರ್ಶಕದ ಕೆಳಗೆ ಇಟ್ಟ ಮೊದಲ ನೋಟ ನನಗೆ ಯಾವತ್ತೂ ಹಳತಾಗಿಲ್ಲ. ಬರಿಗಣ್ಣಿಗೆ ಮಾಂಸದ ಚೂರಾಗಿದ್ದದ್ದು ಒಮ್ಮೆಲೇ ಗದ್ದೆಯಾಗುತ್ತದೆ. ಅರ್ಧದಿಂದ ಒಂದು ಮಿಲಿಮೀಟರ್ ಎತ್ತರದ, ವಿಲ್ಲೈ ಎಂಬ ಒಳಪದರದ ಚಾಚುಗಳು ನೀರಿನಲ್ಲಿ ಎದ್ದು ನಿಂತು, ತಟ್ಟೆ ಅಲುಗಿದಾಗ ಒಂದೇ ಕಡೆಗೆ ಬಾಗುತ್ತವೆ. ಪಠ್ಯಪುಸ್ತಕದ ಚಿತ್ರದಲ್ಲಿ ಅವು ಬೆರಳಿನಂತಿರುತ್ತವೆ. ಇಲ್ಲಿ ಬೆರಳುಗಳ ನಡುವೆ ಎಲೆಯಂತೆ ಅಗಲವಾದವು, ನಾಲಿಗೆಯಂತೆ ಚಪ್ಪಟೆಯಾದವು, ಕೆಲವೆಡೆ ಬದುವಿನಂತೆ ಉದ್ದಕ್ಕೆ ಕೂಡಿಕೊಂಡವು ಕಾಣುತ್ತವೆ. 1960ರ ದಶಕದಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಸೆಲ್ವಿನ್ ಬೇಕರ್, ವಿ.ಐ. ಮಾಥನ್ ಮೊದಲಾದವರು ಸ್ಪ್ರೂ ಎಂಬ ಭೇದಿರೋಗದ ಬೆನ್ನು ಹತ್ತಿ ದಕ್ಷಿಣ ಭಾರತದವರ ಸಣ್ಣಕರುಳಿನ ತುಣುಕುಗಳನ್ನು ಹೀಗೆಯೇ ನೋಡುತ್ತಾ ಹೋದರು. ಆಗ ಈ ಉದ್ದದ ಎಂಡೋಸ್ಕೋಪಿ ಕೊಳವೆ ಇರಲಿಲ್ಲ. 1957ರಲ್ಲಿ ಬಂದ ಕ್ರಾಸ್ಬಿ ಕ್ಯಾಪ್ಸೂಲನ್ನು ದಾರದಂಥ ಕೊಳವೆಯ ಸಮೇತ ನುಂಗಿಸಿ, ಅದು ಕರುಳು ಮುಟ್ಟುವವರೆಗೆ ಕಾದು, ಗಾಳಿ ಎಳೆದಾಗ ಒಳಗಿನ ಪುಟ್ಟ ಕತ್ತಿ ತಿರುಗಿ ಒಂದು ಚೂರು ಕತ್ತರಿಸುತ್ತಿತ್ತು. ಯಾವ ಕಾಯಿಲೆಯೂ ಇಲ್ಲದ ನಮ್ಮವರ ಕರುಳಿನಲ್ಲೂ ಎಲೆಗಳು, ಬದುಗಳು ಧಾರಾಳವಾಗಿವೆ ಎಂದು ಆಗ ಕಂಡಿತು. ಪಶ್ಚಿಮದ ಚಿತ್ರಪಟವನ್ನು ಮುಂದಿಟ್ಟುಕೊಂಡು ನಮ್ಮ ತುಣುಕನ್ನು ಅಳೆದರೆ ಆರೋಗ್ಯವಂತರೂ ರೋಗಿಗಳಾಗಿ ತೋರಿಯಾರು. ತುಣುಕು ನೋಡುವವರಿಗೆ ಇದಕ್ಕಿಂತ ದೊಡ್ಡ ಪಾಠ ಇನ್ನೊಂದಿದೆಯೆಂದು ನನಗನಿಸುವುದಿಲ್ಲ.

ಈ ಮಡಿಕೆಗಳನ್ನೆಲ್ಲ ಬಿಡಿಸಿ ಹಾಸಿದರೆ ಕರುಳು ಟೆನ್ನಿಸ್ ಅಂಕಣದಷ್ಟಾಗುತ್ತದೆ ಎಂದು ನಾವು ಓದಿದ್ದೆವು. 2014ರಲ್ಲಿ ಸ್ವೀಡನ್ನಿನ ಸಂಶೋಧಕರು ಮತ್ತೆ ಅಳೆದು, ಸುಮಾರು 32 ಚದರ ಮೀಟರ್, ಅರ್ಧ ಬ್ಯಾಡ್ಮಿಂಟನ್ ಅಂಕಣ ಎಂದರು. ಬ್ಯಾಡ್ಮಿಂಟನ್ನಿನ ಪಡುಕೋಣೆ ಮನೆತನದ ಮೂಲ ಊರಿರುವ ಜಿಲ್ಲೆಯವರಿಗೆ ಈ ಅಳತೆ ಬೇಗ ತಿಳಿಯುತ್ತದೆ.

ಆದರೆ ವಿಸ್ತಾರಕ್ಕಿಂತ ಹೆಚ್ಚಿನ ಸೋಜಿಗ ಅದರ ಆಯುಷ್ಯದ್ದು. ಕಾರ್ಕಳದ ಗೊಮ್ಮಟ 1432ರಿಂದ ಬಿಸಿಲು ಮಳೆಯಲ್ಲಿ ನಿಂತಿದ್ದಾನೆ, 42 ಅಡಿಯ ಒಂದೇ ಕಲ್ಲಿನಲ್ಲಿ. ಈ ಆರು ಶತಮಾನ ಅವನ ಪಾದಕ್ಕೆ ಬಾಗಿದ ಯಾರ ಕರುಳಿನ ಒಳಪದರವೂ ಒಂದು ವಾರ ಬಾಳಿದ್ದಲ್ಲ. ನಾಲ್ಕೈದು ದಿನಕ್ಕೊಮ್ಮೆ ಅದು ಪೂರ್ತಿ ಹೊಸದಾಗುತ್ತದೆ. ವಿಲ್ಲೈನ ತುದಿಯಲ್ಲಿ ಹಳೆಯ ಕೋಶಗಳು ಉದುರುತ್ತವೆ, ಬುಡದಿಂದ ಹೊಸವು ಮೇಲಕ್ಕೆ ಸರಿಯುತ್ತವೆ. ಹೊಸವು ಹುಟ್ಟುವ ಜಾಗ ಬುಡಕ್ಕಿಂತಲೂ ಕೆಳಗೆ, ಗೋಡೆಯೊಳಕ್ಕೆ ಇಳಿದ ಕಿರಿದಾದ ಕುಳಿಗಳಲ್ಲಿ. 1745ರಲ್ಲಿ ಜರ್ಮನಿಯ ಲೀಬರ್‌ಕ್ಯೂನ್ ಅವನ್ನು ಬಣ್ಣಿಸಿದ. ಕ್ರಿಪ್ಟ್ ಎಂಬ ಹೆಸರಿನ ಜೊತೆ ಅವನ ಹೆಸರೂ ಉಳಿದಿದೆ. ಆ ಕುಳಿಯ ತಳದಲ್ಲಿ ಕಾಂಡಕೋಶಗಳು ಕುಳಿತಿವೆ ಎಂದು Lgr5 ಎಂಬ ಗುರುತಿನ ಮೂಲಕ ನೆದರ್ಲೆಂಡ್ಸಿನ ಯುಟ್ರೆಕ್ಟ್‌ನಲ್ಲಿ ಹಾನ್ಸ್ ಕ್ಲೆವರ್ಸ್ ಅವರ ತಂಡ ತೋರಿಸಿದ್ದು 2007ರಲ್ಲಿ. ಎರಡೇ ವರ್ಷದಲ್ಲಿ, 2009ರಲ್ಲಿ, ಅದೇ ತಂಡದಲ್ಲಿದ್ದ ಜಪಾನಿನ ತೋಷಿರೊ ಸಾಟೊ ಇಲಿಯ ಅಂಥ ಒಂದೇ ಒಂದು ಕೋಶದಿಂದ ಕುಳಿ, ವಿಲ್ಲೈ ಎರಡನ್ನೂ ನೆನಪಿಸುವ ಪುಟ್ಟ ಕರುಳನ್ನು ತಟ್ಟೆಯಲ್ಲಿ ಬೆಳೆಸಿದರು. 2011ರ ಹೊತ್ತಿಗೆ ಮನುಷ್ಯರ ತುಣುಕಿನಿಂದಲೂ ಅದು ಸಾಧ್ಯವಾಯಿತು.

ನಮ್ಮ ಕೈಗೆ ಬೇಕಾದ್ದು ಆ ಕುಳಿಗಳೇ. ಮುರಿಯದೆ, ಸುಕ್ಕಾಗದೆ, ಇಡಿಯಾಗಿ.

ಮೊದಲು ತೊಳೆಯುವುದು. ತಣ್ಣನೆಯ ನೀರಿನಲ್ಲಿ ಮತ್ತೆ ಮತ್ತೆ, ಐದು ಸಲವೋ ಹತ್ತು ಸಲವೋ, ತೇಲಿದ ನೀರು ತಿಳಿಯಾಗುವ ತನಕ. ಲೋಳೆ, ರಕ್ತ, ಕರುಳಲ್ಲೇ ಮನೆ ಮಾಡಿದ ಬ್ಯಾಕ್ಟೀರಿಯಾ ಎಲ್ಲ ಅದರಲ್ಲಿ ಹೋಗಬೇಕು. ಮಳೆಗಾಲದ ಮಣಿಪಾಲದಲ್ಲಿ ಚಪ್ಪಲಿಗೂ ಪುಸ್ತಕಕ್ಕೂ ಬೂಸ್ಟು ಹಿಡಿಯುವ ದಿನಗಳಲ್ಲಿ ಈ ತೊಳೆತಕ್ಕೆ ಇನ್ನೂ ಎರಡು ಸಲ ಸೇರಿಸುತ್ತೇನೆ. ಆಮೇಲೆ ಇಡಿಟಿಎ ಬೆರೆಸಿದ ದ್ರವದಲ್ಲಿ ತಣ್ಣಗೆ, ಮೆಲ್ಲಗೆ ತೂಗುವುದು. ಕೋಶಗಳು ಒಂದರ ಕೈ ಒಂದು ಹಿಡಿದುಕೊಳ್ಳಲು ಕ್ಯಾಲ್ಸಿಯಂ ಬೇಕು. ಇಡಿಟಿಎ ಆ ಕ್ಯಾಲ್ಸಿಯಂ ಅನ್ನು ತಾನು ಹಿಡಿದಿಟ್ಟುಕೊಳ್ಳುತ್ತದೆ, ಹಿಡಿತ ಸಡಿಲವಾಗುತ್ತದೆ. ಹೆಚ್ಚು ಹೊತ್ತು ಬಿಟ್ಟರೆ ಎಲ್ಲವೂ ಬಿಡಿಬಿಡಿಯಾಗಿ ಉದುರಿ ಸಾಯುತ್ತವೆ. ಕಡಿಮೆಯಾದರೆ ಕುಳಿ ಗೋಡೆಯನ್ನು ಬಿಡುವುದೇ ಇಲ್ಲ. ಬರೆದಿಟ್ಟ ವಿಧಾನದಲ್ಲಿ ಅರ್ಧ ಗಂಟೆ ಎಂದಿರಬಹುದು. ಆದರೆ ಇಪ್ಪತ್ತರ ತರುಣನ ತುಣುಕೂ ಎಪ್ಪತ್ತರ ಅಜ್ಜಿಯದೂ, ಉರಿಯೂತದಿಂದ ಊದಿಕೊಂಡದ್ದೂ ಗಡಿಯಾರವನ್ನು ಒಂದೇ ರೀತಿ ಕೇಳುವುದಿಲ್ಲ. ಬೆಲ್ಲದ ಪಾಕವನ್ನು ಒಲೆಯಿಂದ ಇಳಿಸುವ ಗಳಿಗೆಯಂತೆ ಇದಕ್ಕೂ ಒಂದು ಹದ.

ಆ ಹದ ಕಾಣುವುದು ಕುಲುಕಿದಾಗ. ಹಳೆ ದ್ರವ ಚೆಲ್ಲಿ, ಹೊಸ ತಣ್ಣೀರು ಹಾಕಿ, ಕೊಳವೆಯನ್ನು ಗಟ್ಟಿಯಾಗಿ ಹತ್ತಾರು ಸಲ ಕುಲುಕುತ್ತೇನೆ. ಒಂದು ಹನಿ ತೆಗೆದು ನೋಡುತ್ತೇನೆ. ಮೊದಲ ನೀರಿನಲ್ಲಿ ವಿಲ್ಲೈಗಳು, ಹರಿದ ಹಾಳೆಯಂಥ ಪದರಗಳು, ಒಂಟಿ ಕೋಶಗಳು, ಕೆಂಪು ರಕ್ತಕಣಗಳ ಗುಂಪು. ಬೇರೆ ಕೊಳವೆಗೆ ಎತ್ತಿಟ್ಟು ಮತ್ತೆ ಕುಲುಕು. ಎರಡನೆಯದರಲ್ಲೂ ಅದೇ, ಸ್ವಲ್ಪ ಕಡಿಮೆ. ಮೂರನೆಯದಕ್ಕೋ ನಾಲ್ಕನೆಯದಕ್ಕೋ ನೀರು ಇದ್ದಕ್ಕಿದ್ದಂತೆ ತಿಳಿಯಾಗಿ, ಅದರಲ್ಲಿ ಅವು ಬರುತ್ತವೆ. ಒಂದು, ಎರಡು, ಆಮೇಲೆ ಹಿಂಡು ಹಿಂಡಾಗಿ. ಒಂದು ತುದಿ ಗುಂಡಗೆ ಮುಚ್ಚಿದ, ಇನ್ನೊಂದು ತೆರೆದ, ನೀಳವಾದ ಪುಟ್ಟ ಚೀಲಗಳು. ಕೊಯ್ದು ತಂದು ನೀರಲ್ಲಿ ಬಿಟ್ಟ ಮಲ್ಲಿಗೆ ಮೊಗ್ಗುಗಳ ಹಾಗೆ ಅವು ಹನಿಯೊಳಗೆ ನಿಧಾನವಾಗಿ ಹೊರಳುತ್ತವೆ. ಅಂಚು ಎಲ್ಲಿಯೂ ಕಚ್ಚಿಲ್ಲದೆ ನಯವಾಗಿರಬೇಕು. ಗೋಡೆಯ ಕೋಶಗಳು ಸಾಲಾಗಿ, ಹೆಣೆದ ಜಡೆಯಂತೆ ಒಂದಕ್ಕೊಂದು ಒತ್ತಿಕೊಂಡಿರಬೇಕು. ಒಳಗೆ ಬೆಳಕು ಹಾಯಬೇಕು. ಕಪ್ಪಗೆ, ಮರಳು ಮರಳಾಗಿ ಕಂಡರೆ ಅದು ನಿನ್ನೆಯದು. ಅಗಲವಾಗಿ ಬಾಯ್ಬಿಟ್ಟು ಅಂಚು ಸುರುಳಿಯಾಗಿದ್ದರೆ ಕುಲುಕಿದ್ದು ಹೆಚ್ಚಾಯಿತು. ಹತ್ತು ಸಲ ಕುಲುಕಿದ ಮೇಲೆ ಇನ್ನೂ ಹತ್ತು ಬೇಕೇ, ಇಲ್ಲಿಗೆ ನಿಲ್ಲಿಸಬೇಕೇ ಎಂಬ ತೀರ್ಮಾನವನ್ನು ಯಂತ್ರಕ್ಕೆ ಒಪ್ಪಿಸಲು ನನಗೆ ಇವತ್ತಿಗೂ ಮನಸ್ಸಿಲ್ಲ. ಅವು ಗಾಜಿಗೂ ಪ್ಲಾಸ್ಟಿಕ್ಕಿಗೂ ಅಂಟಿ ಕಳೆದುಹೋಗುತ್ತವೆಂದು ಪಿಪೆಟ್ಟಿನ ತುದಿಯನ್ನು ಮೊದಲೇ ಪ್ರೋಟೀನಿನ ದ್ರವದಲ್ಲಿ ಅದ್ದಿಕೊಳ್ಳುತ್ತೇನೆ, ಹಲಸು ಕೊಯ್ಯುವ ಮುಂಚೆ ಅಂಗೈಗೆ ಎಣ್ಣೆ ಸವರುವ ಹಾಗೆ.

ಮುಂದೆ ಅವಕ್ಕೆ ಹಾಸಿಗೆ. ಮ್ಯಾಟ್ರಿಜೆಲ್ ಎಂಬುದು ಇಲಿಯ ಒಂದು ಬಗೆಯ ಗಡ್ಡೆಯಿಂದ ತೆಗೆದ, ಕೋಶಗಳ ತಳದ ಪೊರೆಯನ್ನು ಹೋಲುವ ಪ್ರೋಟೀನುಗಳ ಲೋಳೆ. ಪುಡ್ಡಿಂಗಿಗೆ ಹಾಕುವ ಚೀನಾಗ್ರಾಸ್ ತಣಿದರೆ ಗಟ್ಟಿ. ಇದರ ಸ್ವಭಾವ ಮೊಸರಿನದು, ಬೆಚ್ಚಗಾದರೆ ಹೆಪ್ಪು. ಹಾಗಾಗಿ ಮಂಜಿನ ಮೇಲಿಟ್ಟು, ಗುಳ್ಳೆ ಏಳದಂತೆ ಕುಳಿಗಳನ್ನು ಬೆರೆಸಿ, ಬೆಚ್ಚಗಿನ ತಟ್ಟೆಯ ಗುಳಿಗಳಲ್ಲಿ ಒಂದೊಂದು ಹನಿ ಇಡುತ್ತೇನೆ. ಹನಿ ಗುಮ್ಮಟದಂತೆ ನಿಲ್ಲುತ್ತದೆ. ಕೂಡಲೇ ತಟ್ಟೆ ತಲೆಕೆಳಗು, 37 ಡಿಗ್ರಿಯ ಪೆಟ್ಟಿಗೆಗೆ. ನೇರ ಇಟ್ಟರೆ ಎಲ್ಲವೂ ತಳಕ್ಕಿಳಿದು ಪ್ಲಾಸ್ಟಿಕ್ಕಿಗೆ ಅಂಟುತ್ತವೆ. ತಲೆಕೆಳಗಾಗಿಸಿದರೆ ಹೆಪ್ಪಿನ ನಡುವೆಯೇ ತೂಗಿ ನಿಲ್ಲುತ್ತವೆ. ಆಮೇಲೆ ಮೇಲಿನಿಂದ ಆಹಾರದ ದ್ರವ. ದೇಹದಲ್ಲಿ ಕುಳಿಯ ಸುತ್ತಲಿನ ಕೋಶಗಳು ಪಿಸುಗುಡುವ ಸೂಚನೆಗಳನ್ನು ಇಲ್ಲಿ ನಾವು ಬೆರೆಸಬೇಕು: ಬೆಳೆ ಎನ್ನುವ ಇಜಿಎಫ್, ಕಾಂಡಕೋಶವಾಗಿಯೇ ಉಳಿ ಎನ್ನುವ ವಿಂಟ್ ಮತ್ತು ಆರ್-ಸ್ಪಾಂಡಿನ್, ಬೇಗ ಮುದಿಯಾಗು ಎಂಬ ಮಾತನ್ನು ತಡೆಯುವ ನಾಗಿನ್.

ಮಾರನೆಯ ಬೆಳಿಗ್ಗೆ ಎಲ್ಲ ಮೊಗ್ಗುಗಳೂ ಮಾಯ. ತೆರೆದ ಬಾಯಿ ಹೊಲಿದುಕೊಂಡು, ನೀಳವಾದದ್ದು ಗುಂಡಾಗಿ, ಹನಿಯೊಳಗೆ ಹನಿಗಳಂತೆ ಹೊಳೆಯುವ ಗೋಳಗಳು. ಗೋಡೆ ತೆಳ್ಳಗೆ, ನಡುವೆ ಖಾಲಿ. ಮೊದಲ ದಿನ ಎಷ್ಟು ದುಂಡಗಾದವು ಎಂದು ಎಣಿಸಿದರೆ ನಿನ್ನೆಯ ನನ್ನ ಕಣ್ಣಿಗೆ ಅಂಕ ಸಿಕ್ಕಂತೆ. ಮನುಷ್ಯರವು ಕೆಲವು ದಿನ ಗುಳ್ಳೆಯಾಗಿಯೇ ಹಿಗ್ಗುತ್ತವೆ. ವಿಂಟ್ ಕಡಿಮೆ ಮಾಡಿದರೆ ಗೋಡೆ ದಪ್ಪವಾಗಿ, ಲೋಳೆ ಸ್ರವಿಸುವ ಕೋಶ, ಆಹಾರ ಹೀರುವ ಕೋಶ ಎಂದು ತಮ್ಮ ತಮ್ಮ ಕಸುಬು ಹಿಡಿಯುತ್ತವೆ. ಇಲಿಯವು ಮೂರನೆಯ ನಾಲ್ಕನೆಯ ದಿನಕ್ಕೇ ಸುತ್ತಲೂ ಕುಡಿಯೊಡೆಯುತ್ತವೆ. ಪ್ರತಿ ಕುಡಿಯ ತುದಿಯಲ್ಲಿ ಮತ್ತೊಂದು ಕುಳಿ. ಉದುರಿದ ಕೋಶಗಳು ಹೊರಗೆ ಹೋಗಲು ದಾರಿಯಿಲ್ಲದೆ ನಡುವೆ ಕಪ್ಪಗೆ ಸೇರುತ್ತವೆ. ಯಾರೂ ನಕ್ಷೆ ಕೊಟ್ಟಿಲ್ಲ. ಎಲ್ಲಿ ಬಾಗಬೇಕು, ಎಲ್ಲಿ ಕುಳಿಯಾಗಬೇಕು ಎಂಬುದನ್ನು ಅವು ತಮ್ಮತಮ್ಮೊಳಗೇ ಮಾತಾಡಿಕೊಂಡು ನಿರ್ಧರಿಸುತ್ತವೆ. ಮಕ್ಕಳನ್ನು ಕರುಳ ಕುಡಿ ಎಂದು ಕರೆದ ನಮ್ಮ ಭಾಷೆಗೆ ಈ ದೃಶ್ಯವನ್ನು ಹೇಳಲು ಹೊಸ ಪದ ಬೇಕಾಗಿಯೇ ಇಲ್ಲ.

ಇದರ ಉಪಯೋಗವೇನು ಎಂದು ಕೇಳುವವರಿಗೆ ನಾನು ತೋರಿಸುವುದು ಊದುವ ಗೋಳವನ್ನು. ಫೋರ್ಸ್ಕೋಲಿನ್ ಎಂಬ ಸಸ್ಯಮೂಲದ ವಸ್ತುವನ್ನು ದ್ರವಕ್ಕೆ ಸೇರಿಸಿದರೆ ಆರ್ಗನಾಯ್ಡಿನ ಗೋಡೆಯಲ್ಲಿರುವ ಸಿಎಫ್‌ಟಿಆರ್ ಎಂಬ ಬಾಗಿಲು ತೆರೆಯುತ್ತದೆ, ಕ್ಲೋರೈಡ್ ಒಳಗೆ ಹೋಗುತ್ತದೆ, ಅದರ ಹಿಂದೆ ನೀರು. ಕಣ್ಣೆದುರೇ ಗೋಳ ಉಬ್ಬುತ್ತದೆ. ಸಿಸ್ಟಿಕ್ ಫೈಬ್ರೋಸಿಸ್ ಇರುವವರಲ್ಲಿ ಆ ಬಾಗಿಲೇ ಕೆಟ್ಟಿರುವುದರಿಂದ ಅವರ ಗೋಳ ಉಬ್ಬುವುದಿಲ್ಲ, ಅಥವಾ ಬಲು ಕಡಿಮೆ. ಔಷಧ ಹಾಕಿದಾಗ ಉಬ್ಬಿದರೆ ಆ ಔಷಧ ಆ ರೋಗಿಗೆ ಹಿಡಿಸೀತು ಎಂಬ ಸೂಚನೆ. ಗುದನಾಳದ ಪುಟ್ಟ ತುಣುಕಿನಿಂದ ಇದನ್ನು 2013ರಲ್ಲಿ ಡಚ್ ಸಂಶೋಧಕರು ತೋರಿಸಿದರು. ಅದೇ ಬಾಗಿಲನ್ನು ಬಲವಂತವಾಗಿ ತೆರೆದಿಡುವುದು ಕಾಲರಾದ ವಿಷ. ಕೋಲ್ಕತ್ತಾದಲ್ಲಿ ಶಂಭುನಾಥ ಡೇ 1950ರ ದಶಕದಲ್ಲಿ ಮೊಲದ ಕರುಳಿನ ತುಂಡಿನ ಎರಡೂ ತುದಿ ಕಟ್ಟಿ, ಒಳಗೆ ಕಾಲರಾ ಬ್ಯಾಕ್ಟೀರಿಯಾ ಬಿಟ್ಟು, ಅದು ನೀರು ತುಂಬಿ ಬಿಗಿಯುವುದನ್ನು ಕಂಡರು. ಬ್ಯಾಕ್ಟೀರಿಯಾ ಸೋಸಿ ತೆಗೆದ ದ್ರವವೇ ಸಾಕು, ರೋಗ ತರುವುದು ಅದರ ವಿಷ ಎಂದು 1959ರಲ್ಲಿ ಪ್ರಕಟಿಸಿದರು. ಅಂದಿನ ಆ ಬಿಗಿದ ಕರುಳಿಗೂ ಇಂದಿನ ಈ ಉಬ್ಬಿದ ಗೋಳಕ್ಕೂ ನೆಂಟಸ್ತಿಕೆ ಇದೆ, ಮತ್ತು ಅದರ ಒಂದು ತುದಿ ನಮ್ಮ ದೇಶದ್ದು ಎಂಬುದು ನನಗೆ ಹೆಮ್ಮೆ. 2023ರಲ್ಲಿ ನಮ್ಮ ಔಷಧ ಪರೀಕ್ಷೆಯ ನಿಯಮಗಳಿಗೆ ತಿದ್ದುಪಡಿಯಾಗಿ, ಪ್ರಾಣಿಗಳ ಮೇಲಿನ ಪ್ರಯೋಗದ ಜೊತೆಗೆ ಇಂಥ ವಿಧಾನಗಳಿಗೂ ಜಾಗ ಸಿಕ್ಕಿದೆ.

ಏಳರಿಂದ ಹತ್ತು ದಿನಕ್ಕೆ ಗೋಳಗಳು ಒತ್ತೊತ್ತಾಗುತ್ತವೆ. ಆಗ ತಣ್ಣನೆಯ ದ್ರವದಲ್ಲಿ ಹೆಪ್ಪು ಕರಗಿಸಿ, ಪಿಪೆಟ್ಟಿನಲ್ಲಿ ಮೇಲೆ ಕೆಳಗೆ ಎಳೆದು ಅವನ್ನು ಒಡೆಯಬೇಕು. ಒಂದರಿಂದ ಮೂರೋ ನಾಲ್ಕೋ ಹೊಸ ಹನಿಗಳು. ಕೆಲವನ್ನು ದ್ರವ ಸಾರಜನಕದಲ್ಲಿ ಮೈನಸ್ 196 ಡಿಗ್ರಿಯಲ್ಲಿ ಕಾಪಿಡುತ್ತೇವೆ. ಕುಪ್ಪಿಯ ಮೇಲೆ ಹೆಸರಿಲ್ಲ, ಸಂಖ್ಯೆ ಮತ್ತು ತಾರೀಕು ಮಾತ್ರ. ಒಡೆಯುವಾಗ ನನ್ನ ಕೈ ಮೊದಲಿಗಿಂತ ನಿಧಾನವಾಗಿದೆ. ನರವಿಲ್ಲ, ನೋವಿಲ್ಲ ಎಂದು ಅಜ್ಜಿಗೆ ಹೇಳಿದವಳು ನಾನೇ.

ಎರಡು ಮೂರು ದಿನಕ್ಕೊಮ್ಮೆ ಆಹಾರ ಬದಲಿಸಬೇಕು, ಭಾನುವಾರವೆಂದು ಅವಕ್ಕೆ ಗೊತ್ತಾಗುವುದಿಲ್ಲ. ಕಳೆದ ಭಾನುವಾರವೂ ಕಾಪುವಿನಿಂದ ಉಡುಪಿಗೆ, ಅಲ್ಲಿಂದ ಮಣಿಪಾಲಕ್ಕೆ ಬಸ್ಸು ಹಿಡಿದೆ. ಕಿಟಕಿಯ ಪಕ್ಕದ ಹೆಂಗಸಿನ ಮಡಿಲಲ್ಲಿ ಬಾಳೆಲೆಯ ಕಟ್ಟು. ಬಸ್ಸಿಡೀ ಮಲ್ಲಿಗೆಯ ಘಮ. ಪ್ರಯೋಗಶಾಲೆಯಲ್ಲಿ ಯಾರೂ ಇರಲಿಲ್ಲ. ತಟ್ಟೆ ತೆಗೆದು ಬೆಳಕಿಗೆ ಹಿಡಿದಾಗ ದ್ರವ ಕಿತ್ತಳೆಗೆ ತಿರುಗಿತ್ತು. ಚೆನ್ನಾಗಿ ಉಂಡಿವೆ. ಹಳೆಯದನ್ನು ಅಂಚಿನಿಂದ ಮೆಲ್ಲಗೆ ಎಳೆದು, ಗುಮ್ಮಟ ಅಲುಗದ ಹಾಗೆ ಪುನರ್ಪುಳಿ ಬಣ್ಣದ ಹೊಸ ದ್ರವವನ್ನು ಹನಿಹನಿಯಾಗಿ ಬಿಟ್ಟೆ.